ಗೌರಾಬಾಯಿ ಹಿಡಿದ ನಾಡಿ

ಹೋದ ವರ್ಷ ಡಾಕ್ಟರು ಎದೆಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಮಾತ್ರೆ ಬರೆದುಕೊಟ್ಟಾಗ ಪುಣೆಯ ಖಡಕಿಯ ಗೌರಾಬಾಯಿಗೆ ನಗು ತಡೆಯಲಾಗಲಿಲ್ಲ. ಎದುರಿಗೆ ಕೂತಿದ್ದ ಎಳೆಯ ಡಾಕ್ಟರು, ಓಂಕಾರ್ ಅಂತ ಹೆಸರು, ಗಾಬರಿಯಾಗಿ ಚೀಟಿಯನ್ನು ಮತ್ತೊಮ್ಮೆ ನೋಡಿಕೊಂಡರು.

"ತಪ್ಪೇನೂ ಇಲ್ಲ ಡಾಕ್ಟರ್," ಎಂದಳು ಗೌರಾಬಾಯಿ ಮರಾಠಿಯಲ್ಲಿ. "ಇಷ್ಟು ವರ್ಷ ನರ್ಸಾಗಿ ವಾರ್ಡಿನಲ್ಲಿ ಇಂಥ ಮಾತ್ರೆಗಳನ್ನ ನಾನೇ ಎಲ್ಲರಿಗೂ ಕೊಟ್ಟೆ. ಈಗ ನನ್ನ ಪಾಳಿ ಬಂತು, ಅಷ್ಟೇ."

ಆಕೆಯ ಎದೆ ಕೆಲವು ತಿಂಗಳಿಂದ ತಾಳ ತಪ್ಪಿ ಓಡುತ್ತಿತ್ತು. ಕೂತಲ್ಲೇ ಓಡುತ್ತಿತ್ತು, ಪೂಜೆ ಮಾಡುವಾಗಲೂ ಓಡುತ್ತಿತ್ತು. ಮಾತ್ರೆ ಶುರುವಾದ ಮೇಲೆ ಅದು ತೆಪ್ಪಗಾಯಿತು. ಆದರೆ ಬೆಳಗ್ಗೆ ಅದನ್ನು ನುಂಗಿ ನೀರು ಕುಡಿಯುವ ಹೊತ್ತಿಗೆ ಆಕೆಗೆ ಹಳೆಯ ದಿನಗಳು ನೆನಪಾಗಲು ಶುರುವಾದವು.

ಅಪ್ಪ ಇಂಡಿ ಕಡೆಯವರು. ಖಡಕಿಯ ಫ್ಯಾಕ್ಟರಿಯಲ್ಲಿ ಗುಮಾಸ್ತರಾಗಿ ಬಂದು ಅಲ್ಲೇ ನೆಲೆ ನಿಂತವರು. ಮಗಳನ್ನು ನರ್ಸಿಂಗಿಗೆ ಸೇರಿಸುತ್ತೇನೆ ಎಂದಾಗ ಊರಿನ ಬಳಗವೆಲ್ಲ ಮುಖ ಗಂಟು ಹಾಕಿತ್ತು. "ಕಂಡವರ ಮೈ ಮುಟ್ಟೋ ಕೆಲಸಕ್ಕ ಹುಡುಗೀನ್ನ ಕಳಸ್ತಿಯೇನೋ?" ಎಂದು ದೊಡ್ಡಪ್ಪ ಕೇಳಿದ್ದ. ಅಪ್ಪ ಜಗಳಕ್ಕೆ ಹೋಗಲಿಲ್ಲ. ಮರುದಿನ ಮಗಳ ಟ್ರಂಕು ತಾವೇ ಹೊತ್ತುಕೊಂಡು ಶಿವಾಜಿನಗರದ ಹಾಸ್ಟೆಲ್ಲಿಗೆ ಬಿಟ್ಟು ಬಂದರು.

ಅಲ್ಲಿ ಪಾಠವೆಲ್ಲ ಇಂಗ್ಲಿಷು. ಔಷಧಗಳ ಪುಸ್ತಕ ತೆರೆದರೆ ಗೌರಾಗೆ ಕಣ್ಣು ಕತ್ತಲೆ ಬರುತ್ತಿತ್ತು. ಆಕೆಯನ್ನು ದಡ ಹಾಯಿಸಿದವರು ಪ್ರೇಮಾವತಿ ಟೀಚರು. ಕುಂದಾಪುರ ಕಡೆಯವರು, ಬಿಳಿ ಸೀರೆ, ದಪ್ಪ ಕನ್ನಡಕ. ಕ್ಲಾಸು ಬಿಟ್ಟ ಮೇಲೆ ಕನ್ನಡದ ಹುಡುಗಿಯರನ್ನು ಜಗುಲಿಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಮತ್ತೆ ಹೇಳಿಕೊಡುತ್ತಿದ್ದರು.

"ನಾಯಿ ಅಟ್ಟಿಸಿಕೊಂಡು ಬಂದ್ರೆ ನಿನ್ನ ಮೈಯಲ್ಲಿ ಎಂತೆಲ್ಲ ಆಗ್ತದೆ ಗೌರಾ?"

"ಎದಿ ಹೊಡ್ಕೋತದ್ರಿ. ಬಾಯಿ ಒಣಗ್ತದ. ಕೈಕಾಲು ತಣ್ಣಗಾಗ್ತಾವ."

"ಉಸಿರಿನ ದಾರಿ ಅಗಲ ಆಗ್ತದೆ, ಓಡ್ಲಿಕ್ಕೆ ಬೇಕಲ್ಲ. ಇದೆಲ್ಲ ಹೆದರಿದಾಗ ರಕ್ತಕ್ಕೆ ಸೇರುವ ಅಡ್ರಿನಾಲಿನ್ ಮಾಡುವ ಕೆಲಸ. ಅದು ಹೋಗಿ ತಟ್ಟುವ ಬಾಗಿಲು ಬೇರೆ ಬೇರೆ. ಹೃದಯದಲ್ಲಿ ಬೀಟಾ ಒಂದು, ಶ್ವಾಸಕೋಶದಲ್ಲಿ ಬೀಟಾ ಎರಡು. ನಮಗೆ ಹೃದಯ ಒಂದು, ಶ್ವಾಸಕೋಶ ಎರಡು. ಇನ್ನು ಮರೀಲಿಕ್ಕುಂಟಾ? ಬೀಟಾ ಬ್ಲಾಕರ್ ಅಂದ್ರೆ ಆ ಬಾಗಿಲಿಗೆ ಅಡ್ಡ ನಿಲ್ಲುವ ಮದ್ದು. ಎದೆ ಓಟ ನಿಲ್ಲಿಸ್ತದೆ. ಆದ್ರೆ ಕೆಲವು ಎರಡೂ ಬಾಗಿಲಿಗೆ ಅಡ್ಡ ನಿಲ್ತಾವೆ. ದಮ್ಮಿನವರಿಗೆ ಅಂಥದ್ದು ಕೊಟ್ರೆ ಉಸಿರೇ ಕಟ್ತದೆ, ನೆನಪಿರಲಿ."

ನೆನಪಿತ್ತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷವೇ ಅದು ಬೇಕಾಯಿತು, ಅದೂ ಆಸ್ಪತ್ರೆಯಲ್ಲಲ್ಲ, ನಾಟಕದ ರಂಗದ ಹಿಂದೆ.

ಆಗೆಲ್ಲ ಪುಣೆಯ ಕನ್ನಡದವರು ರಾಜ್ಯೋತ್ಸವಕ್ಕೆ ಒಂದು ನಾಟಕ ಆಡುತ್ತಿದ್ದರು. ಫ್ಯಾಕ್ಟರಿಯ ಗುಮಾಸ್ತರು, ಹೋಟೆಲಿನವರು, ಬಟ್ಟೆ ವ್ಯಾಪಾರಿಗಳು ಎಲ್ಲರೂ ಸೇರಿ ತಿಂಗಳುಗಟ್ಟಲೆ ತಾಲೀಮು. ಆ ವರ್ಷ ರಾಜನ ಪಾತ್ರ ಸಿದ್ರಾಮಪ್ಪನದು. ಅಪ್ಪನ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದ, ಎತ್ತರದ, ಮಾತು ಕಡಿಮೆಯ ಹುಡುಗ. ತಾಲೀಮಿನಲ್ಲಿ ಅವನ ದನಿ ಕೇಳಿದರೆ ಮೈ ಜುಂ ಎನ್ನುತ್ತಿತ್ತು. ಗೌರಾ ಪರದೆಯ ಮರೆಯಲ್ಲಿ ನಿಂತು ಪಾತ್ರದವರು ಮರೆತ ಮಾತು ಎತ್ತಿಕೊಡುವ ಕೆಲಸ ಒಪ್ಪಿಕೊಂಡಿದ್ದಳು.

ನಾಟಕದ ಸಂಜೆ ಸಭಾಂಗಣ ತುಂಬಿತ್ತು. ಪರದೆ ಏಳುವುದಕ್ಕೆ ಸ್ವಲ್ಪ ಹೊತ್ತಿರುವಾಗ ರಾಜ ಮೂಲೆಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಕಿರೀಟ ನೆಲದ ಮೇಲೆ. ಎದೆಯಿಂದ ಸಿಳ್ಳೆಯಂಥ ಸದ್ದು. ಗೌರಾ ಓಡಿ ಹೋಗಿ ಕೈ ಹಿಡಿದು ನಾಡಿ ನೋಡಿದಳು. ಉಸಿರಿಗೆ ಹೀಗೆ ಒದ್ದಾಡುವವನ ನಾಡಿ ಕುದುರೆಯಂತೆ ಓಡಬೇಕು. ಇವನದು ಮಧ್ಯಾಹ್ನ ನಿದ್ದೆ ಮಾಡುವವನಂತೆ ನಿಧಾನ.

"ನಿಮಗ ದಮ್ಮು ಅದ ಏನ್ರಿ?"

ಅವನು ಸುತ್ತ ನೋಡಿ ತಲೆ ಅಲ್ಲಾಡಿಸಿದ, ಹೌದೆಂದು.

"ಗುಳಿಗಿ ಏನರ ತಗೊಂಡೀರೇನು? ಖರೇ ಹೇಳ್ರಿ."

ಉತ್ತರ ಬಂದದ್ದು ಹಿಂದಿನಿಂದ. ಶಿವಾಜಿನಗರದಲ್ಲಿ ಹೋಟೆಲು ಇಟ್ಟಿದ್ದ ಮಹಾಲಿಂಗ ಮಂತ್ರಿಯ ವೇಷದಲ್ಲಿ ನಿಂತಿದ್ದ, ಅಂಟಿಸಿದ ಗಡ್ಡ ಅರ್ಧ ಕಿತ್ತುಬಂದಿತ್ತು. "ನಾನೇ ಕೊಟ್ಟೆ ಸಿಸ್ಟರ್. ಎದೆ ಹೊಡ್ಕೊಳ್ತದೆ, ಕೈ ನಡುಗ್ತದೆ ಅಂದ. ನನ್ನ ಬಿ.ಪಿ. ಮಾತ್ರೆ ನುಂಗಿದ್ರೆ ನಡುಕ ನಿಲ್ತದೆ ಮಾರಾಯ ಅಂತ ಕೊಟ್ಟೆ. ಇವನಿಗೆ ದಮ್ಮು ಅಂತ ನಂಗೆ ಗೊತ್ತೇ ಇಲ್ಲ!"

ಅವನು ಚಾಚಿದ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಹೆಸರಿತ್ತು: ಪ್ರೊಪ್ರನೊಲಾಲ್. ಎರಡೂ ಬಾಗಿಲಿಗೆ ಅಡ್ಡ ನಿಲ್ಲುವಂಥದ್ದು. ಗೌರಾ ಆ ಸ್ಟ್ರಿಪ್ಪನ್ನು ಕಸಿದುಕೊಂಡು, ರಾಜನನ್ನು ಜರಿ ಅಂಗಿಯಲ್ಲೇ ರಿಕ್ಷಾ ಹತ್ತಿಸಿದಳು. ದಾರಿಯುದ್ದಕ್ಕೂ ಅವನನ್ನು ನೆಟ್ಟಗೆ ಕೂರಿಸಿ ಹಿಡಿದಿದ್ದಳು. ಮಹಾಲಿಂಗ ಡ್ರೈವರನ ಪಕ್ಕ ನೇತಾಡಿಕೊಂಡೇ ಬಂದ.

ಆಸ್ಪತ್ರೆಯಲ್ಲಿ ಡ್ಯೂಟಿಯ ಮೇಲಿದ್ದವರು ಡಾಕ್ಟರ್ ಶ್ರೀನಾಥ್. ದಮ್ಮು ಏರಿದವರಿಗೆ ಆಗ ಅಡ್ರಿನಾಲಿನ್ ಸೂಜಿ ಹಾಕುವುದೇ ರೂಢಿ. ಆದರೆ ಅವರು ಸಿರಿಂಜು ಕೇಳುವ ಮೊದಲು, "ಏನು ತಗೊಂಡಿದಾನೆ?" ಎಂದು ಕೇಳಿದರು. ಗೌರಾ ಮಾತ್ರೆಯ ಸ್ಟ್ರಿಪ್ಪು ತೋರಿಸಿದಳು. ಇಬ್ಬರೂ ಒಮ್ಮೆ ಮುಖ ಮುಖ ನೋಡಿಕೊಂಡರು. ಶ್ವಾಸಕೋಶದ ಬಾಗಿಲು ಮುಚ್ಚಿರುವಾಗ ಅಡ್ರಿನಾಲಿನ್ ಕೊಟ್ಟರೆ ಉಸಿರು ತೆರೆಯುವುದು ಅನುಮಾನ, ರಕ್ತನಾಳಗಳು ಬಿಗಿದು ಬಿ.ಪಿ. ಮಾತ್ರ ನೆತ್ತಿಗೇರುತ್ತದೆ. "ಅಮಿನೊಫಿಲಿನ್ ನಿಧಾನವಾಗಿ ಬಿಡೋಣ, ಅದು ಬೇರೆ ದಾರಿಯಿಂದ ಉಸಿರು ಬಿಡಿಸುತ್ತೆ. ಆಕ್ಸಿಜನ್ ಹಾಕಿ," ಎಂದರು ಡಾಕ್ಟರು. ಗೌರಾ ಮಂಚದ ಪಕ್ಕ ನಿಂತಳು. ಅವನ ತುಟಿಯ ನೀಲಿ ಇಳಿಯುವತನಕ ಮಣಿಕಟ್ಟು ಬಿಡಲಿಲ್ಲ. ಅಲ್ಲಿ ಓಡುತ್ತಿದ್ದದ್ದು ಆಕೆಯ ಎದೆ ಒಂದೇ.

ಉಸಿರು ಹತೋಟಿಗೆ ಬಂದ ಮೇಲೆ ಅವನು ಮಾಸ್ಕಿನೊಳಗಿಂದ ಏನೋ ಗೊಣಗಿದ. ಆಕೆ ಕಿವಿ ಕೊಟ್ಟಳು. ಮೊದಲ ಅಂಕದ ಮಾತುಗಳು! ನಾಲ್ಕನೆಯ ಸಾಲಿನಲ್ಲಿ ತಡವರಿಸಿದ. ಗೌರಾ ಎತ್ತಿಕೊಟ್ಟಳು.

ಊರಿನಿಂದ ಬಂದ ಅವನ ತಾಯಿ ಆಕೆಯನ್ನು ಬದಿಗೆ ಕರೆದು ಕೈ ಹಿಡಿದುಕೊಂಡರು. "ಯವ್ವಾ, ಮಗಗ ಹೆಣ್ಣು ನೋಡ್ಲಿಕತ್ತೀವಿ. ಈ ದಮ್ಮಿನ ಸುದ್ದಿ ಯಾರ ಮುಂದೂ ಬ್ಯಾಡವ್ವ." ಗೌರಾ ಯಾರ ಮುಂದೂ ಹೇಳಲಿಲ್ಲ. ಹೇಳಿದವನು ಅವನೇ. ಹೆಣ್ಣು ನೋಡಲು ಹೋದ ಎರಡು ಮನೆಯಲ್ಲೂ ಚಹಾ ಕುಡಿಯುವ ಮೊದಲೇ ಹೇಳಿಬಿಟ್ಟ. ಎರಡೂ ಸಂಬಂಧ ಮುರಿದವು.

ಆಮೇಲೆ ಒಂದು ದಿನ ಅವನು ಆಸ್ಪತ್ರೆಯ ಗೇಟಿನ ಹತ್ತಿರ ಕಾಯುತ್ತಿದ್ದ. ಗೌರಾ ಡ್ಯೂಟಿ ಮುಗಿಸಿ ಬಂದಳು.

"ಮತ್ತ ಉಸಿರು ಹಿಡದದೇನ್ರಿ?"

"ಇಲ್ರಿ." ಚಪ್ಪಲಿಯ ತುದಿಯಿಂದ ಒಂದು ಕಲ್ಲು ಸರಿಸಿದ. "ನನ್ನ ದಮ್ಮು ಗೊತ್ತಿದ್ದೂ ಹೆದರದ ಹುಡುಗಿ ಒಬ್ಬಾಕಿ ಇದ್ದಾಳ. ಕೇಳಲಿಕ್ಕೆ ಧೈರ್ಯ ಆಗವಲ್ದು. ಎದಿ ಭಾಳ ಹೊಡ್ಕೋತದ."

"ಅದಕ್ಕ ಗುಳಿಗಿ ತಗೋಬ್ಯಾಡ್ರಿ," ಎಂದಳು ಗೌರಾ. "ಹೊಡ್ಕೊಳ್ಳಿ ಬಿಡ್ರಿ. ಬಂದು ನಮ್ಮ ಅಪ್ಪನ್ನ ಕೇಳ್ರಿ."

ಮದುವೆಗೆ ಹೋಳಿಗೆಯಿಂದ ಹಿಡಿದು ಎಲ್ಲ ಅಡುಗೆಯನ್ನೂ ಮಹಾಲಿಂಗನೇ ನಿಂತು ಮಾಡಿಸಿದ. ಅವನಿಗೆ ಆ ತಪ್ಪಿನ ಭಾರ ಇಳಿಯಲು ಬಹಳ ಕಾಲ ಬೇಕಾಯಿತು. ಊಟಕ್ಕೆ ಬಂದವರೆಲ್ಲರಿಗೂ, "ಒಬ್ಬರ ಮಾತ್ರೆ ಇನ್ನೊಬ್ಬರು ನುಂಗ್ಬೇಡಿ ಮಾರಾಯ್ರೆ," ಎಂದು ಹೇಳುತ್ತಲೇ ಬಡಿಸಿದನಂತೆ. ಅವನು ಈಗಿಲ್ಲ. ಪ್ರೇಮಾವತಿ ಟೀಚರೂ ಇಲ್ಲ. ಆ ಜಗುಲಿ ಇದ್ದ ಕಡೆ ಲಿಫ್ಟಿನ ಕಟ್ಟಡ ಎದ್ದಿದೆ.

ಮಗಳು ನೀತಾ ಯೆರವಡಾದಿಂದ ವಾರಕ್ಕೊಮ್ಮೆ ಬಂದಾಗ ಅಡುಗೆಮನೆಯ ಕಪಾಟು ನೋಡಿ ನಗುತ್ತಾಳೆ. ಮೇಲಿನ ಹಲಗೆಯಲ್ಲಿ ಅಪ್ಪ ಸಿದ್ರಾಮಪ್ಪನ ಇನ್ಹೇಲರು, ಬಾಗಿಲು ತೆರೆಯುವಂಥದ್ದು. ಕೆಳಗಿನದರಲ್ಲಿ ಅವ್ವನ ಮಾತ್ರೆ, ಬಾಗಿಲಿಗೆ ಅಡ್ಡ ನಿಲ್ಲುವಂಥದ್ದು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ಮೊನ್ನೆ ತಪಾಸಣೆಗೆಂದು ಗಂಡ ಹೆಂಡತಿ ಶಿವಾಜಿನಗರಕ್ಕೆ ಹೊರಟಿದ್ದರು. ಖಡಕಿ ಸ್ಟೇಷನ್ನಿನ ಸೇತುವೆ ಹತ್ತುವಾಗಲೇ ಲೋಕಲ್ ಗಾಡಿ ಬಂದು ನಿಂತಿತು. ಆಕೆ ಸೀರೆಯ ನೆರಿಗೆ ಎತ್ತಿ ಹಿಡಿದಳು, ನೌಕರಿಯ ದಿನಗಳಲ್ಲಿ ಗಾಡಿಗೆ ಓಡುವಾಗ ಹಿಡಿಯುತ್ತಿದ್ದ ಹಾಗೆಯೇ. ಆದರೆ ಮಾತ್ರೆ ತಡೆದಿದ್ದ ಎದೆ ಓಟಕ್ಕೆ ಏಳಲಿಲ್ಲ. ತನ್ನ ಪಾಡಿಗೆ ತಾನು ಸಾವಕಾಶವಾಗಿ ಬಡಿಯುತ್ತಿತ್ತು. ಗಾಡಿ ಹೊರಟುಹೋಯಿತು. ಆಕೆ ಕಂಬಿ ಹಿಡಿದು ಅದು ಮರೆಯಾಗುವತನಕ ನೋಡುತ್ತ ನಿಂತಳು.

"ಎಷ್ಟು ಓಡ್ತಿದ್ದಿ ನೀ," ಎಂದ ಸಿದ್ರಾಮಪ್ಪ. "ನಿನ್ನ ಹಿಂದ ಬರೂದ್ರಾಗ ನನಗ ಸಾಕಾಗಿ ಹೋಗ್ತಿತ್ತು."

"ಒಂದ್ ದಿನಾನೂ ಹೇಳ್ಲಿಲ್ಲಲ್ಲರಿ?"

"ನೀ ಓಡೂದು ಛಂದ ಕಾಣ್ತಿತ್ತು. ಅದಕ್ಕ ಹೇಳ್ಲಿಲ್ಲ."

ಗೌರಾಬಾಯಿ ನೆರಿಗೆ ಬಿಟ್ಟು ಸರಿ ಮಾಡಿಕೊಂಡಳು. ಇಬ್ಬರೂ ಮೆಟ್ಟಿಲು ಇಳಿದು ನೆರಳಿರುವ ಬೆಂಚು ಹುಡುಕಿ ಕೂತರು. ಮುಂದಿನ ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ಅವನು ಶೇಂಗಾ ಕೊಂಡು ತಂದ.