ಅವನ ನಾಲಿಗೆ, ನನ್ನ ಚೀಟಿ

ಚೀಸ್ ಇಷ್ಟವೇ ಎಂದು ಅಂಗಡಿಯ ಒಡತಿ ಕೇಳಿದಾಗ, ಚೀಸ್ ಎಂದರೆ ಪ್ರಾಣ ಎಂದುಬಿಟ್ಟಿದ್ದೆ. ನನ್ನ ತಲೆಯಲ್ಲಿದ್ದದ್ದು ಪನೀರು ಮತ್ತು ಪಿಜ್ಜಾ. ಹೋಬೋಕನ್ನಿನ ಆ ಅಂಗಡಿಯಲ್ಲಿದ್ದದ್ದು ಫ್ರಾನ್ಸಿನ ಚೀಸ್. ಅದರಲ್ಲಿ ಬಹುಪಾಲಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರಸ ಹಾಕುತ್ತಾರೆಂದು ಸೇರಿದ ಮೂರನೇ ದಿನ ಗೊತ್ತಾಯಿತು. ಮೈಸೂರಿನ ಮಡಿ ಮನೆಯವಳು ನಾನು. ವೈನನ್ನಂತೂ ಮೂಸಿಯೂ ನೋಡಿರಲಿಲ್ಲ. ಆದರೆ ಊರಿಗೆ ಊರೇ ಕೆಲಸ ಕಳೆದುಕೊಳ್ಳುತ್ತಿದ್ದ ಆ ವರ್ಷ ಸಿಕ್ಕ ಕೆಲಸ ಬಿಡುವುದುಂಟೇ? ಬಾಯಿ ಮುಚ್ಚಿಕೊಂಡಿದ್ದೆ.

ಒಡತಿಯ ನಿಯಮ ಒಂದೇ: ಚೀಸ್ ಯಾವ ಪ್ರಾಂತದ್ದೋ ವೈನೂ ಅಲ್ಲಿಯದೇ ಇರಬೇಕು. ಅಷ್ಟನ್ನು ನಕ್ಷೆ ನೋಡಿ ಕಲಿತೆ. ಆದರೆ ಒಂದೊಂದು ಚೀಸಿನ ಮುಂದೆಯೂ, ಅದಕ್ಕೆ ಈ ವೈನೇ ಏಕೆ ಎಂದು ಎರಡು ಸಾಲಿನ ಚೀಟಿ ಬರೆದಿಡಬೇಕಿತ್ತು. ತಿನ್ನದವಳು, ಕುಡಿಯದವಳು ಏನೆಂದು ಬರೆಯಲಿ?

ಬರೆಸಿದವನು ಅವನು. ಮಂಗಳೂರಿನ ಕ್ಯಾಥೊಲಿಕ್ ಹುಡುಗ, ನದಿಯಾಚೆ ಬ್ಯಾಂಕೊಂದರಲ್ಲಿ ಕೆಲಸ. ಗುರುವಾರ ಸಂಜೆ ಗಿರಾಕಿಗಳಿಗೆ ಬಿಟ್ಟಿ ರುಚಿ ತೋರಿಸುತ್ತಿದ್ದೆವು. ಫೆರಿ ಇಳಿದು ನೇರ ಬರುತ್ತಿದ್ದ. ಒಂದು ತುಂಡು ಬಾಯಿಗಿಟ್ಟು, ಒಂದು ಗುಟುಕು ಕುಡಿದು, ಒಡತಿಯ ಎದುರಿಗೇ ಕನ್ನಡದಲ್ಲಿ ವರದಿ ಒಪ್ಪಿಸುತ್ತಿದ್ದ.

“ಈ ಅಲ್ಸಾಸ್ ಪ್ರಾಂತದ ಚೀಸಿನ ವಾಸನೆಗೆ ಹೆದರ್ಬೇಡ ಮಾರಾಯ್ತಿ. ಬಾಯಲ್ಲಿ ಬೆಣ್ಣೆ. ಅಲ್ಲಿಯದ್ದೇ ವೈನು ಗುಲಾಬಿ ಎಸೆನ್ಸ್ ಹಾಕಿದ ಹಾಗೆ ಉಂಟು, ವಾಸನೆಯನ್ನು ಓಡಿಸ್ತದೆ.”

ಅದನ್ನೇ ಇಂಗ್ಲಿಷ್ ಮಾಡಿ ಬರೆಯುತ್ತಿದ್ದೆ. ಚೀಸ್ ಖಾಲಿಯಾಗುತ್ತಿತ್ತು. ನಾವು ಚಕ್ಕಂದವಾಡುತ್ತಿದ್ದೇವೆಂದುಕೊಂಡು ಒಡತಿ ಕಣ್ಣು ಮಿಟುಕಿಸುತ್ತಿದ್ದಳು. ಅವಳ ಊಹೆ ಪೂರ್ತಿ ತಪ್ಪೇನಲ್ಲ. ಬುಧವಾರವೇ ಬಟ್ಟೆ ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿದ್ದೆ. ಅವನು ನನಗೆ ಬೇಕಿತ್ತು, ಚೀಟಿಗಲ್ಲ, ಬಾಳಿಗೆ. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಹೇಳುವ ಬದಲು ಕಾಲೆಳೆಯುತ್ತಿದ್ದೆ. ಅದು ನನ್ನ ಹುಟ್ಟುಗುಣ.

ಆ ಚಳಿಗಾಲ ಅವನ ಬ್ಯಾಂಕು ಅರ್ಧ ಆಫೀಸನ್ನೇ ಮನೆಗೆ ಕಳಿಸಿತು, ಅವನನ್ನೂ. ವೀಸಾದ ಮೇಲಿದ್ದವನು, ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಹೈಸ್ಕೂಲಿನಲ್ಲೇ ಅಪ್ಪನ ಜೊತೆ ಬಂದಿದ್ದ ನಾನು ಆಗಲೇ ಸಿಟಿಜನ್. ಮೂರು ಗುರುವಾರ ಮಂಕಾಗಿ ಬಂದುಹೋದ. ನಾಲ್ಕನೆಯ ಗುರುವಾರ, ನಾನು ನೆಲಮಾಳಿಗೆಯಿಂದ ವೈನಿನ ಪೆಟ್ಟಿಗೆ ಹೊತ್ತು ಮೇಲೆ ಬಂದರೆ, ಟೈ ಕಟ್ಟಿಕೊಂಡು ನಿಂತಿದ್ದಾನೆ.

“ನಾವು ಮದುವೆ ಆಗುವಾ ಮಾರಾಯ್ತಿ?”

ಖುಷಿಗೆ ಏನು ಮಾಡಬೇಕೆಂದು ತೋಚದೆ ಇದ್ದಾಗ ಹಾಳು ನಾಲಿಗೆ ತನ್ನ ಕೆಲಸ ಮಾಡಿತು.

“ಯಾಕೆ, ಗ್ರೀನ್ ಕಾರ್ಡ್‌ಗೆ ಬೇರೆ ಯಾರೂ ಸಿಗ್ಲಿಲ್ವಾ?” ಎಂದು ಜೋರಾಗಿ ನಕ್ಕೆ.

ಅವನು ನಗಲಿಲ್ಲ. ಕೈಯಲ್ಲಿದ್ದ ಗ್ಲಾಸನ್ನು ಮೆಲ್ಲಗೆ ಇಟ್ಟು, “ಆಯ್ತು, ಬರ್ತೇನೆ” ಎಂದ. ತಮಾಷೆ ಕಣೋ ಎಂದು ಹಿಂದೆ ಓಡಬೇಕಿತ್ತು. ಗಿರಾಕಿಗಳಿದ್ದರು. ಮುಂದಿನ ಗುರುವಾರ ಹೇಳಿದರಾಯಿತು ಎಂದುಕೊಂಡೆ. ಅವನು ಬರಲಿಲ್ಲ. ಫೋನ್ ಮಾಡಲು ನನಗೆ ಬಿಗುಮಾನ. ಊರಿಗೆ ಹೋಗಿರಬೇಕು, ಹಾಗಾದರೆ ನಿಜಕ್ಕೂ ಕಾರ್ಡಿಗೇ ಕೇಳಿದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಥೂ, ಎಂಥ ಸಮಾಧಾನ!

ಆ ವಾರವೇ ಫ್ರಾನ್ಸಿಗೆ ಹೋಗಿದ್ದ ಒಡತಿ ನಾಲ್ಕು ತಿಂಗಳ ಮೇಲೆ ಮರಳಿ ಬಂದವಳೇ, “ನಿನ್ನ ಹುಡುಗನಿಗೆ ಬಾಸ್ಟನ್ ಒಗ್ಗಿತಾ?” ಎಂದಳು. ಯಾವ ಬಾಸ್ಟನ್ ಎಂದೆ. “ಅವತ್ತು ನೀನು ಕೆಳಗಿದ್ದಾಗ ಹೇಳಿದನಲ್ಲ, ಅಲ್ಲಿ ಕೆಲಸ ಸಿಕ್ಕಿತು, ವೀಸಾ ಚಿಂತೆ ಕಳೆಯಿತು ಅಂತ. ನಿನಗೆ ಯಾವಾಗ ಹೇಳಲಿ ಅಂತ ಕುಣಿಯುತ್ತಿದ್ದ.”

ನಿಂತಲ್ಲಿಂದಲೇ ಫೋನ್ ಮಾಡಿದೆ.

“ಕೆಲಸ ಸಿಕ್ಕಿದೆ ಅಂತ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳ್ಲಿಕ್ಕೇ ಬಂದದ್ದು. ನೀನು ನಗಾಡಿದೆ.”

“ತಮಾಷೆಗೆ ಅಂದಿದ್ದು ಕಣೋ...”

ಊರಲ್ಲಿ ಹುಡುಗಿ ನಿಶ್ಚಯವಾಗಿದೆ, ಡಿಸೆಂಬರಿನಲ್ಲಿ ಮದುವೆ ಎಂದ. ನಾನು ಬಾಯಿ ತೆರೆಯುವ ಮೊದಲೇ, “ಮದುವೆ ದಿನ ಗ್ಲಾಸ್ ಎತ್ತಿ ಟೋಸ್ಟ್ ಮಾಡ್ಲಿಕ್ಕೆ ಯಾವ ವೈನ್ ಒಳ್ಳೆದು? ನೀನೇ ಹೇಳು” ಎಂದ.

ಹೇಳಿದೆ. ಶಾಂಪೇನ್ ತೆಗೆದುಕೋ, ಜೊತೆಗೆ ಅದೇ ಪ್ರಾಂತದ ಮೆತ್ತನೆಯ ಬಿಳಿ ಚೀಸ್ ಇಡು, ಮಂಗಳೂರಿನ ಸೆಕೆಗೆ ಕರಗಿಹೋಗುತ್ತದೆ, ಬಡಿಸುವ ತನಕ ಫ್ರಿಜ್ಜಿನಿಂದ ತೆಗೆಯಬೇಡ ಎಂದೆ. ಎಲ್ಲ ಬರೆದುಕೊಂಡ. “ಮತ್ತೆ ಎಂತಾದ್ರೂ ಹೇಳ್ಲಿಕ್ಕೆ ಉಂಟಾ?” ಎಂದು ಕೇಳಿದ.

ಇತ್ತು. ಇಲ್ಲ ಎಂದೆ.