ಗೌಸಬೀಯ ಗಾಡಿಯ ಮುಂದಿನ ಊಟ

ಕೊಪ್ಪಳದ ಬಸ್‌ಸ್ಟ್ಯಾಂಡಿನ ಹೊರಗೆ ಬಾಚಣಿಕೆ, ಪಿನ್ನು, ಬೀಗ ಮಾರುವ ಗೌಸಬೀಗೆ ಅರವತ್ತೈದು ದಾಟಿದೆ. ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವನ ತಳ್ಳುಗಾಡಿಯನ್ನೇ ಈಕೆ ಇಟ್ಟುಕೊಂಡಳು. ಇಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಊರಿನಿಂದ ತಾಯಂದಿರು ಬಸ್ಸಿನಲ್ಲಿ ಊಟದ ಡಬ್ಬಿ ಕಳಿಸುತ್ತಾರೆ. ಕಂಡಕ್ಟರುಗಳು ಅವನ್ನೆಲ್ಲ ಈ ಗಾಡಿಯ ಕೆಳಗೆ ಇಟ್ಟು ಹೋಗುತ್ತಾರೆ. ಈ ಪದ್ಧತಿ ಯಾರು ಶುರು ಮಾಡಿದರೋ ಆಕೆಗೂ ನೆನಪಿಲ್ಲ. ಕೂಲಿ ಕೇಳುವುದಿಲ್ಲ, ಬೈಗುಳ ಮಾತ್ರ ಧಾರಾಳ.

ನಾನು ಎಂ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಫೇಲಾಗಿದ್ದೆ. ಪರೀಕ್ಷೆಯಲ್ಲಿ ಎದೆ ಹೊಡೆದುಕೊಂಡು ಪ್ರಶ್ನೆಗಳನ್ನು ಓದಲೂ ಆಗಿರಲಿಲ್ಲ. ಇನ್ನೊಮ್ಮೆ ಹೀಗಾದರೆ ಓದು ಬಿಟ್ಟು ನಮ್ಮೂರು ಕುಷ್ಟಗಿಗೆ ಮರಳುವುದೆಂದು ತೀರ್ಮಾನಿಸಿ, ಅವ್ವನಿಗೆ ಹೇಳದೆ ಕೂತಿದ್ದೆ. ಕಣ್ಣು ಉರಿಯುವ ತನಕ ಮೊಬೈಲು, ಏಳುವುದು ಮಧ್ಯಾಹ್ನ, ಹೊಟ್ಟೆಗೆ ಚಹಾ, ಬಿಸ್ಕತ್ತು. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಅವ್ವ ಕಳಿಸಿದ ರೊಟ್ಟಿಯನ್ನು ಬೀದಿಯ ದನಕ್ಕೆ ಹಾಕಿ, ಡಬ್ಬಿ ತೊಳೆದು ಕಾಲು ತಾಸಿನಲ್ಲೇ ಗಾಡಿಗೆ ಮರಳಿಸುತ್ತಿದ್ದೆ. ಭಾರಿ ಜಾಣೆ ನಾನು.

ಒಂದು ದಿನ ಗೌಸಬೀ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು.

"ಮೂರು ಜ್ವಾಳದ ರೊಟ್ಟಿ, ಕಾಲು ತಾಸಿನ್ಯಾಗ? ನನಗ ಹಲ್ಲು ಇದ್ದಾಗೂ ಆಗತಿರಲಿಲ್ಲ."

ನಾನು ನೆಲ ನೋಡಿದೆ. ಆಕೆ ಡಬ್ಬಿಯನ್ನು ಗಾಡಿಯ ಕೆಳಗೆ ತಳ್ಳಿ ಗಿರಾಕಿಯ ಕಡೆ ತಿರುಗಿದಳು.

ಎರಡು ದಿನ ಬಿಟ್ಟು ಹೋದರೆ ಡಬ್ಬಿ ಕೊಡಲೇ ಇಲ್ಲ. ಸ್ಟೂಲು ಎಳೆದು, "ಇಲ್ಲೇ ಕುಂತು ಉಣ್ಣು. ನಾಳಿಂದ ಒಂಬತ್ತಕ್ಕ ಬಸ್ ಬಂದ ಕೂಡಲೆ ಬರಬೇಕು. ತಡ ಆತಂದ್ರ ನಾನ ಉಂಡಬಿಡ್ತೀನಿ," ಎಂದಳು. ಬಸ್‌ಸ್ಟ್ಯಾಂಡೆಲ್ಲ ನೋಡುತ್ತಿತ್ತು, ನನಗೆ ಸಿಟ್ಟು ನೆತ್ತಿಗೇರಿತ್ತು. ಅದರ ಮೇಲೆ ಮುದುಕಿ ನನ್ನ ಡಬ್ಬಿಗೇ ಕೈಹಾಕಿ ಎರಡು ರೊಟ್ಟಿ ತೆಗೆದು, ಬ್ಯಾಳಿ ಸಾರಿನಲ್ಲಿ ನೆನೆಸಿಕೊಂಡು ನಿಧಾನಕ್ಕೆ ಉಂಡಳು. ಆಕೆ ಮುಗಿಸುವ ತನಕ ನಾನೂ ಏಳುವಂತಿರಲಿಲ್ಲ.

ದಿನಾ ಇದೇ ಆಯಿತು. ಒಂಬತ್ತಕ್ಕೆ ಅಲ್ಲಿರಬೇಕೆಂದರೆ ಬೇಗ ಏಳಬೇಕು, ಏಳಬೇಕೆಂದರೆ ಮೊಬೈಲು ಕೆಳಗಿಡಬೇಕು. ತಿಂಗಳೊಳಗೆ ನಿದ್ದೆ ಹತ್ತಿತು, ಅಳು ಕಡಿಮೆಯಾಯಿತು. ರೊಟ್ಟಿಯೊಂದೇ ನನ್ನನ್ನು ಸರಿಮಾಡಿತು ಎಂದರೆ ಸುಳ್ಳಾಗುತ್ತದೆ. ವಿಶ್ವವಿದ್ಯಾಲಯದ ಆಪ್ತಸಮಾಲೋಚಕಿಯ ಹತ್ತಿರವೂ ಹೋದೆ. ಆದರೆ ಅಲ್ಲಿಗೆ ನಡೆದು ಹೋಗುವ ತ್ರಾಣ, ಬಾಯಿಬಿಟ್ಟು ಹೇಳುವ ಧೈರ್ಯ ಬಂದದ್ದು ಆ ಸ್ಟೂಲಿನ ಮೇಲೆ.

ಆದರೂ ಆಕೆ ನನ್ನ ರೊಟ್ಟಿ ಉಣ್ಣುವ ಸಿಟ್ಟು ಮಾತ್ರ ಆರಿರಲಿಲ್ಲ. ಪರೀಕ್ಷೆ ಹತ್ತಿರ ಬಂತೆಂದು ಅವ್ವ ಮೂರರ ಬದಲು ಐದು ಕಟ್ಟುತ್ತಿದ್ದಾಳೆ, ಈ ಮುದುಕಿ ಅವನ್ನು ಕಬಳಿಸುತ್ತಾಳೆ ಎಂದು ಕುಷ್ಟಗಿ ಬಸ್ಸಿನ ಕಂಡಕ್ಟರ್ ಕರಿಬಸಪ್ಪನ ಮುಂದೆ ದೂರು ಹೇಳಿದೆ. ಅವನು ನಕ್ಕ.

"ಆ ಎರಡು ರೊಟ್ಟಿ ನಿನ್ನವಲ್ಲ, ತಂಗಿ. ನೀ ಉಣವಲ್ಲಿ ಅಂತ ಗೌಸಬೀ ನನ್ನ ಕಡೆ ಹೇಳಿ ಕಳಿಸಿದ್ಲು. ನಿಮ್ಮವ್ವ ಭಾಳ ಅತ್ತಳು. ಒಬ್ಬಾಕಿನ ಕುಂತ್ರ ನಿನಗ ತುತ್ತು ಇಳಿಯಂಗಿಲ್ಲ, ಜೋಡಿ ಕುಂತು ಉಣ್ಣಾಕ ಗೌಸಬೀಗ ಹೇಳ್ರಿ ಅಂದ್ಲು, ಅವತ್ತಿಂದ ಆಕಿಗೂ ಎರಡು ಕಟ್ಟತಾಳ."

ಅವ್ವ, ಗೌಸಬೀ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಮರುದಿನ ರೊಟ್ಟಿಯನ್ನು ನಾನೇ ಮುರಿದು ಬ್ಯಾಳಿಯಲ್ಲಿ ನೆನೆಹಾಕಿ ಗೌಸಬೀಯ ಮುಂದಿಟ್ಟೆ. "ಇವತ್ತೇನು ಭಾರಿ ಮರ್ಯಾದಿ?" ಎಂದು ಬೈದಳು, ಉಂಡಳು.

ಈ ಸಲವೂ ಪರೀಕ್ಷೆಯಲ್ಲಿ ಎದೆ ಹೊಡೆದುಕೊಂಡಿತು, ಆದರೆ ಪ್ರಶ್ನೆಗಳನ್ನು ಓದಲಾಯಿತು. ಫಲಿತಾಂಶ ಬಂದ ಗಳಿಗೆಯಲ್ಲೇ ಅವ್ವನಿಗೆ ಫೋನು ಮಾಡಿದೆ.

"ಎಲ್ಲಾ ಪಾಸ್ ಆಗೇನವ್ವಾ."

ಅವ್ವ ಕೇಳಿದಳು, "ಗೌಸಬೀಗ ಹೇಳಿದೇನು?"

"ಇಲ್ಲ, ಮೊದಲು ನಿನಗ."

"ಫೋನ್ ಇಡು," ಎಂದಳು ಅವ್ವ, "ಮೊದಲು ಆಕಿಗೆ ಹೇಳಿ ಬಾ."