ಅಣ್ಣ ಮುಂಗೈಗೆ ಸುತ್ತಿಕೊಂಡ ಲಡಿ

ಚೀನಾದ ರಾಜರ ಕಾಲದ ಕತ್ತಿವರಸೆ ಸಿನಿಮಾಗಳೆಂದರೆ ಅಣ್ಣನಿಗೂ ನನಗೂ ಪ್ರಾಣ. ತಮಿಳಿಗೆ ಡಬ್ ಆದವು ಫೋನಿನಲ್ಲಿ ಸಿಗುತ್ತಿದ್ದವು. ಅಷ್ಟು ತಮಿಳನ್ನು ಕೊಳ್ಳೇಗಾಲದವರಿಗೆ ಯಾರೂ ಕಲಿಸಬೇಕಿಲ್ಲ. ನನಗೆ ರಕ್ತ ಬೇಕು. ತಲೆ ಹಾರಿದ ಮೇಲೂ ಮುಂಡ ಎರಡು ಹೆಜ್ಜೆ ನಡೆಯಬೇಕು. ಮಗ್ಗ ನೇಯುವ ಅಣ್ಣನ ಕಣ್ಣು ಮಾತ್ರ ಬಟ್ಟೆಯ ಮೇಲೆ. ನಾಯಕಿ ಗಾಳಿಯಲ್ಲಿ ತಿರುಗಿದಾಗ ಅವಳ ತೋಳಿನ ಅಂಚು ಅರೆಗಳಿಗೆ ತಡವಾಗಿ ತಿರುಗುವುದನ್ನು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದ. "ಕೊಲ್ಲೋದ್ರಲ್ಲೂ ಒಂದ್ ನಯ ಅದೆ ನೋಡ್ಲಾ" ಅನ್ನುತ್ತಿದ್ದ.

ಒಂದು ಸಿನಿಮಾದಲ್ಲಿ ರಾಜನ ಕಾವಲಿನವನು ಒದ್ದೆ ರೇಷ್ಮೆಯನ್ನು ಮುಂಗೈಗೆ ಸುತ್ತಿಕೊಂಡು ಶತ್ರುವಿನ ಕತ್ತಿಯನ್ನು ತಡೆಯುತ್ತಾನೆ. ಅದನ್ನು ಅಣ್ಣ ಅದೆಷ್ಟು ಸಲ ನೋಡಿದನೋ. "ರೇಷ್ಮೆ ಕಂಡಿಡ್ದೋರೇ ಅವ್ರು ಕಣ್ಲಾ. ಬ್ಯಾರೆ ಏನಾರ ಬುರುಡೆ ಬುಡ್ಬೌದು, ರೇಷ್ಮೆ ಇಚಾರ್ದಲ್ಲಿ ಬುಡ್ತಾರಾ?" ನಾನೂ ನಂಬಿದೆ. ಹುರಿ ಹಾಕಿದ ಎಳೆಯನ್ನು ಎಳೆದರೆ ಬೆರಳು ಕುಯ್ಯುತ್ತದೆ, ಎಳೆ ಹರಿಯುವುದಿಲ್ಲ. ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ಎಳೆದರೆ ಹರಿಯದ್ದು ಕಡಿದರೂ ಹರಿಯುವುದಿಲ್ಲ ಎಂದುಕೊಂಡುಬಿಟ್ಟೆವು.

ಸತ್ತೇಗಾಲದ ಹತ್ತಿರ ನಮ್ಮದೊಂದಿಷ್ಟು ಕಬ್ಬಿನ ಜಮೀನು; ಅದು ನನ್ನ ಪಾಲಿನ ಕೆಲಸ. ಕಟಾವಿನ ದಿನ, ಬುಡಕ್ಕೆ ಕಡಿಯದೆ ಗೇಣುದ್ದ ಮೋಟು ಬಿಟ್ಟೆ ಎಂದು ಅಣ್ಣ ಆಳುಗಳ ಮುಂದೆ ನನ್ನ ಕಪಾಳಕ್ಕೆ ಬಾರಿಸಿದ. ನಾನು ಎರಡು ಮಕ್ಕಳ ತಂದೆ. ಆಳುಗಳು ಮುಖ ಮರೆಸಿಕೊಂಡು ನಕ್ಕರು. ಅಣ್ಣನ ಸಿಟ್ಟು ಹುಲ್ಲಿನ ಬೆಂಕಿ, ನನ್ನದು ಹೊಟ್ಟಿನ ಬೆಂಕಿ. ಅವನು ಮಧ್ಯಾಹ್ನದ ಊಟದ ಹೊತ್ತಿಗೇ ಮರೆತಿದ್ದ.

ಸಂಜೆ ಹಿತ್ತಲ ನಲ್ಲಿಯಲ್ಲಿ ಮಚ್ಚು ತೊಳೆಯುತ್ತಿದ್ದೆ. ರಾಜಿಯಾಗಲೆಂದೇ ಇರಬೇಕು, ಅಣ್ಣ ಒಂದು ಲಡಿ ರೇಷ್ಮೆ ನೂಲು ತಂದು ಬಕೆಟ್ಟಿನಲ್ಲಿ ಅದ್ದಿ ಎಡಮುಂಗೈಗೆ ಬಿಗಿಯಾಗಿ ಸುತ್ತಿಕೊಂಡ. ಸಿನಿಮಾದವನ ಹಾಗೆ ಕಾಲು ಅಗಲಿಸಿ ನಿಂತ. "ಬಾರ್ಲಾ, ಒಡಿ!" ಬಾಗಿಲಲ್ಲಿ ಅತ್ತಿಗೆ ನಗುತ್ತಿದ್ದರು.

ಹೊಡೆದೆ. ಆಟಕ್ಕಾದರೆ ಕೈ ಎಷ್ಟು ಎತ್ತಬೇಕೆಂದು ನನಗೆ ಗೊತ್ತಿತ್ತು. ಅದಕ್ಕಿಂತ ಮೇಲೆ ಎತ್ತಿದೆ. ಸಿನಿಮಾದ ರಕ್ತ ಚಿಮ್ಮಿ ಗಾಳಿಯಲ್ಲಿ ನಿಲ್ಲುತ್ತದೆ. ಇಲ್ಲಿ ಲಡಿ ಬಾಯಿ ಬಿಟ್ಟು ಮೊದಲು ಬೆಳ್ಳಗೆ ಮೂಳೆ ಕಂಡಿತು, ಆಮೇಲೆ ರಕ್ತ ತುಂಬಿ ಮೊಣಕೈಯಿಂದ ಸುರಿಯಿತು. ಕಡಿದ ಎಳೆಗಳು ಗಾಯದೊಳಗೆ ಹೊಕ್ಕಿದ್ದವು. ಅಣ್ಣ ಕಿರುಚುತ್ತಾ ಕುಸಿದ. ಅತ್ತಿಗೆ ಓಡಿಬಂದು ನನ್ನ ರಟ್ಟೆ ಹಿಡಿದಾಗಲೇ ತಿಳಿದದ್ದು, ನಾನು ಮಚ್ಚನ್ನು ಮತ್ತೊಮ್ಮೆ ಎತ್ತಿದ್ದೆ.

ಕಾಮಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರೆ ಅಣ್ಣನೇ ಹೇಳಿದ, "ಕಬ್ ಕಡೀವಾಗ ಜಾರ್ತು ಸಾ." ಗಾಯ ಮಾಯಿತು. ಆದರೆ ಎಡಗೈ ಹೆಬ್ಬೆಟ್ಟು ಈಗ ತೋರುಬೆರಳಿಗೆ ತಾಗುವುದಿಲ್ಲ. ಮಗ್ಗದ ಹಾಸಿನ ಉದ್ದ ಎಳೆಗಳಲ್ಲಿ ಒಂದು ಹರಿದರೆ ಹಿಡಿದು ಹೊಸೆಯಲು ಆ ಎರಡು ಬೆರಳೇ ಬೇಕು. ಲಾಳಿ ಹೊಡೆಯಬಲ್ಲ, ಗಂಟು ಹಾಕಲಾರ. ಹಾಗಾಗಿ ನಾನು ಪಕ್ಕದಲ್ಲಿ ಕೂತು ಗಂಟು ಹಾಕುತ್ತೇನೆ. ಬಂದವರಿಗೆಲ್ಲ ಅವನದು ಒಂದೇ ಮಾತು: "ನೀರು ಸಾಲ್ಲಿಲ್ಲ. ಇನ್ನೊಂದ್ ಲಡಿ ಸುತ್ಬೇಕಾಗಿತ್ತು." ಎರಡು ವರ್ಷ ಅದನ್ನು ಕೇಳಿಕೊಂಡು ಸುಮ್ಮನಿದ್ದ ಹೇಡಿ ನಾನು.

ಹೋದ ವಾರ ಮನೆಯಲ್ಲಿ ಯಾರೂ ಇರಲಿಲ್ಲ. ತಡೆಯಲಾಗದೆ ಹೇಳಿಬಿಟ್ಟೆ. "ಅಣ್ಣ, ರೇಷ್ಮೆದೇನೂ ತಪ್ಪಿಲ್ಲ. ಅವತ್ತು ನಾನು ಆಟಕ್ಕೆ ಒಡೀಲಿಲ್ಲ."

ಅಣ್ಣ ಮಗ್ಗ ನಿಲ್ಲಿಸಿದ. "ಗೊತ್ತು ಕಣ್ಲಾ. ಮಚ್ಚು ಎತ್ದಾಗ್ಲೇ ನಿನ್ ಮೊಕ ನೋಡ್ದೆ."

"ಮತ್ಯಾಕೆ ಕೈ ತಗೀಲಿಲ್ಲ?"

"ನನ್ ತಮ್ಮ ಅಲ್ವಾ, ತಡ್ಕತೀಯ ಅನ್ಕಂಡೆ."